ಮೇಲಕ್ಕೆ ಹೊರಟ ವಾಟಿ ಪೆಟ್ರಿ

ಸ್ಕೆರಿಹೇವನ್ನಿನಲ್ಲಿ ಬೆಂಚು ಬೇಕೆಂದರೆ ಮೊದಲು ಸಾಯಬೇಕು. ಇದು ಲಿಂಕ್ಸ್ ಎಂಬ ಅಲ್ಲಿನ ಗಾಲ್ಫ್ ಮೈದಾನದ ಕ್ಲಬ್ಬಿನ ನಿಯಮ, ಇದರಲ್ಲಿ ಯಾರಿಗೂ ರಿಯಾಯಿತಿ ಇಲ್ಲ. ಕಡಲ ದಂಡೆಯ ಮರಳುದಿಬ್ಬಗಳ ಮೇಲೆ, ಉಪ್ಪುಗಾಳಿಗೆ ಬಾಗಿದ ಹುಲ್ಲಿನ ನಡುವೆ ಹದಿನೆಂಟು ಗಾಲ್ಫ್ ಕುಳಿಗಳು. ಅಲ್ಲಲ್ಲಿ ಒಂದೊಂದು ಮರದ ಬೆಂಚು. ಬೆಂಚಿನ ಬೆನ್ನಿಗೆ ಹಿತ್ತಾಳೆಯ ಫಲಕ. ಇಂಥವರ ನೆನಪಿಗೆ, ಈ ಜಾಗ ಅವರಿಗೆ ಬಲು ಪ್ರಿಯವಾಗಿತ್ತು ಎಂದು ಅದರ ಮೇಲೆ ಕೆತ್ತಿರುತ್ತದೆ. ಅವರು ಬದುಕಿದ್ದಾಗ ಅದೇ ಜಾಗದಲ್ಲಿ ನಿಂತು ಚೆಂಡಿಗೂ ಗಾಳಿಗೂ ಬೈದ ಬೈಗುಳವನ್ನು ಕಿವಿಯಾರೆ ಕೇಳಿದವರು ಕೂಡ ಫಲಕ ಓದಿ ಸುಮ್ಮನೆ ಟೋಪಿ ತೆಗೆಯುತ್ತಾರೆ. ಸತ್ತವರ ವಿಷಯದಲ್ಲಿ ಆ ಊರು ಬಹಳ ಮರ್ಯಾದಸ್ಥ ಊರು.

ವಾಟಿ ಪೆಟ್ರಿಗೆ ಕಷ್ಟ ಬಂದದ್ದು ಒಂಬತ್ತನೇ ಕುಳಿಯ ಹತ್ತಿರ. ವಾಟಿ ಬಂದರುಬೀದಿಯ ಬೇಕರಿಯವನು. ಊರಿಗೆಲ್ಲ ಬ್ರೆಡ್ಡು, ಮಾಂಸ ತುಂಬಿದ ಬ್ರೈಡಿ ಬೇಯಿಸಿ ಕೊಟ್ಟು, ಒಲೆಯ ಮುಂದೆ ನಿಂತು ನಿಂತು ಎರಡೂ ಮಂಡಿ ಸವೆಸಿಕೊಂಡು, ಈಗ ಅಂಗಡಿಯನ್ನು ಅಳಿಯನಿಗೆ ವಹಿಸಿದ್ದ. ಒಂಬತ್ತನೇ ಕುಳಿ ಮುಟ್ಟುವಷ್ಟರಲ್ಲಿ ಅವನು ಕೂರಲೇಬೇಕಾಗುತ್ತಿತ್ತು. ಅಲ್ಲಿದ್ದುದು ಒಂದೇ ಬೆಂಚು, ಅದು ದಿವಂಗತ ಮೇಯರ್ ಮ್ಯಾಕಿಯದು. ವಾಟಿಯ ಬ್ರೈಡಿಯಲ್ಲಿ ಮಾಂಸ ಹುಡುಕುವುದಕ್ಕೆ ಭೂತಗನ್ನಡಿ ಬೇಕು ಅಂತ ಈ ಮ್ಯಾಕಿ ಒಮ್ಮೆ ಚರ್ಚಿನ ಬಾಗಿಲಲ್ಲಿ, ಹತ್ತು ಜನರೆದುರು ಹೇಳಿದ್ದ. ಹೇಳಿದವನು ಮಣ್ಣಾದರೂ ಮಾತು ಮಣ್ಣಾಗಿರಲಿಲ್ಲ.

"ದಿನಾ ಹೋಗಿ ಅವನ ತೊಡೆ ಮೇಲೆ ಕೂತ ಹಾಗಾಗುತ್ತೆ ಕಣೇ," ಎಂದು ವಾಟಿ ಹೆಂಡತಿಯ ಹತ್ತಿರ ಗೋಳಾಡಿದ.

"ಹಾಗಾದ್ರೆ ಮನೇಲೇ ಕೂತ್ಕೋ," ಎಂದಳು ಎಫಿ. "ಹಿತ್ತಿಲ ಬೇಲಿ ಮುರಿದು ಯಾವ ಕಾಲ ಆಯ್ತು."

ನಿಜ ಹೇಳಬೇಕೆಂದರೆ ಮಂಡಿ ಒಂದು ನೆಪ. ವಾಟಿಗೆ ಬೇಕಾಗಿದ್ದದ್ದು ಆ ಲಿಂಕ್ಸಿನಲ್ಲಿ ಎಲ್ಲಾದರೂ ಒಂದು ಕಡೆ ತನ್ನ ಹೆಸರು. ಕ್ಲಬ್ಬಿನ ಗೋಡೆಯ ಮೇಲೆ ಒಂದು ಕರಿಯ ಹಲಗೆಯಿದೆ. ವರ್ಷ ವರ್ಷವೂ ಬಂದರು ಕಪ್ ಗೆದ್ದವರ ಹೆಸರನ್ನು ಅದರ ಮೇಲೆ ಚಿನ್ನದ ಅಕ್ಷರದಲ್ಲಿ ಬರೆಯುತ್ತಾರೆ. ನಲವತ್ತು ವರ್ಷ ಆಡಿದರೂ ವಾಟಿಯ ಹೆಸರು ಅಲ್ಲಿಗೆ ಏರಿರಲಿಲ್ಲ. ಎಫಿಯ ಅಣ್ಣ ಎಕ್ ಬುಕನ್ನನ ಹೆಸರು ಮಾತ್ರ ಎಲ್ಲಿ ನೋಡಿದರೂ ಇತ್ತು. ಹಲಗೆ ದಕ್ಕಲಿಲ್ಲ, ಬೆಂಚಾದರೂ ದಕ್ಕಲಿ ಎಂದುಕೊಂಡು ವಾಟಿ ಒಂದು ಬೆಳಗ್ಗೆ ಕೋಟು ಹಾಕಿಕೊಂಡು ಕ್ಲಬ್ಬಿನ ಕಾರ್ಯದರ್ಶಿ ಲೋರಿಮರ್ ಅವರ ಮುಂದೆ ಹೋಗಿ ಕುಳಿತ.

ಲೋರಿಮರ್ ಎಡಿನ್‌ಬರೋದಿಂದ ಬಂದು ನೆಲೆಸಿದವರು. ಸಭ್ಯರು, ಮೆಲುಮಾತಿನವರು.

"ಒಂದು ಬೆಂಚು ಬೇಕಿತ್ತು ಸ್ವಾಮಿ. ಒಂಬತ್ತನೇ ಕುಳಿ ಹತ್ರ, ಸಮುದ್ರ ಕಾಣೋ ಹಾಗೆ," ಎಂದ ವಾಟಿ.

"ಯಾರ ಹೆಸರಲ್ಲಿ ಪೆಟ್ರಿಯವರೇ?"

"ಇನ್ಯಾರ ಹೆಸರಲ್ಲಿ? ನನ್ನದೇ."

ಲೋರಿಮರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆದ್ರೆ... ನಿಯಮ ನಿಮಗೆ ಗೊತ್ತಲ್ಲ."

"ಗೊತ್ತಿಲ್ದೆ ಏನು? ಸ್ವಲ್ಪ ಮುಂಚೆ ಕೇಳ್ತಿದೀನಿ, ಅಷ್ಟೇ. ಬೇಗ ಆದ್ರೆ ನಾಲ್ಕು ದಿನ ನಾನೂ ಕೂರಬಹುದು. ಅಕ್ಟೋಬರ್‌ನಲ್ಲಿ ಮೇಲಕ್ಕೆ ಹೋಗ್ತಿದೀನಿ ನೋಡಿ."

ಸ್ಕೆರಿಹೇವನ್ನಿನವರ ಬಾಯಲ್ಲಿ ಮೇಲಕ್ಕೆ ಎಂದರೆ ಉತ್ತರಕ್ಕೆ. ದೇಶದ ನೆತ್ತಿಯ ಮೇಲಿರುವ ಥರ್ಸೋ ಕಡೆಗೆ. ಎಡಿನ್‌ಬರೋದವರಿಗೆ ಆ ಮಾತಿಗೆ ಇರುವುದು ಒಂದೇ ಅರ್ಥ.

"ಅಷ್ಟು ಬೇಗನಾ?" ಲೋರಿಮರ್ ದನಿ ಇಳಿಯಿತು. "ಡಾಕ್ಟರು ಏನಂತಾರೆ?"

"ಅವರೇನಂತಾರೆ? ಸವೆದು ಹೋಗಿದೆ, ಇನ್ನು ನಮ್ಮ ಕೈಲೇನಿಲ್ಲ ಅಂದ್ರು," ಎಂದು ವಾಟಿ ಮೇಜಿನ ಕೆಳಗೆ ಮಂಡಿ ಸವರಿಕೊಂಡ. ಮಂಡಿ ಲೋರಿಮರ್‌ಗೆ ಕಾಣಲಿಲ್ಲ.

"ನೋವು ಬಹಳ ಇದೆಯಾ?"

"ಇಲ್ಲಿದ್ರೆ ನೋವು ಸ್ವಾಮಿ. ಅಲ್ಲಿಗೆ ಹೋದ್ಮೇಲೆ ಏನಿದೆ? ಹತ್ತೋದಿಲ್ಲ, ಇಳಿಯೋದಿಲ್ಲ, ಎಲ್ಲಾ ಸಮತಟ್ಟು. ಅಕ್ಕ ಬೇರೆ ಎಷ್ಟು ವರ್ಷದಿಂದ ಬಾ ಬಾ ಅಂತ ಕರೀತಾನೇ ಇದಾಳೆ."

ವಾಟಿಗೆ ಇಬ್ಬರು ಅಕ್ಕಂದಿರು. ಕರೆಯುತ್ತಿದ್ದವಳು ನ್ಯಾನ್, ಥರ್ಸೋದಲ್ಲಿ ಮೆಟ್ಟಿಲಿಲ್ಲದ ಮನೆ ಕಟ್ಟಿಸಿಕೊಂಡು ಗುಂಡುಕಲ್ಲಿನಂತೆ ಇದ್ದಾಳೆ. ಇನ್ನೊಬ್ಬಳು ಇಸೊಬೆಲ್, ಚರ್ಚಿನ ಹಿಂದೆ ಮಲಗಿ ಬಹಳ ಕಾಲವಾಯಿತು. ಲೋರಿಮರ್ ಪ್ರತಿ ಭಾನುವಾರ ಓದಿಕೊಂಡು ಹೋಗುತ್ತಿದ್ದದ್ದು ಇಸೊಬೆಲ್ ಪೆಟ್ರಿ ಎಂಬ ಕಲ್ಲನ್ನು. ಅವರು ಮೇಜಿನ ಮೇಲೆ ಮುಂದಕ್ಕೆ ಬಾಗಿದರು.

"ಮನೆಯವರಿಗೆ ಗೊತ್ತೇ?"

"ಅಯ್ಯಯ್ಯೋ, ಎಫಿಗೆ ಮಾತ್ರ ಹೇಳ್ಬೇಡಿ ನಿಮ್ಮ ದಮ್ಮಯ್ಯ! ಇದು ಗೊತ್ತಾದ್ರೆ ಅಕ್ಟೋಬರ್ ತನಕ ಯಾಕೆ, ಇವತ್ತೇ ನನ್ನ ಕಥೆ ಮುಗಿಸ್ತಾಳೆ."

ಇಂಥ ಹೊತ್ತಿನಲ್ಲೂ ತಮಾಷೆ ಮಾಡುತ್ತಿರುವ ಈ ಮನುಷ್ಯನ ಎದೆಗಾರಿಕೆಗೆ ಲೋರಿಮರ್ ಎದ್ದು ನಿಂತು ಕೈಕುಲುಕಿದರು. ಬೆಂಚು ಮಾಡಿಸುವ ಜವಾಬ್ದಾರಿ ತಮ್ಮದು ಎಂದರು. ನಿಯಮದ ಮಾತು ಮತ್ತೆ ಎತ್ತಲಿಲ್ಲ. ಇಷ್ಟು ಸಲೀಸಾಗಿ ಆಗುವ ಕೆಲಸಕ್ಕೆ ಇಷ್ಟು ವರ್ಷ ಯಾಕೆ ಕಾದೆ ಎಂದು ವಾಟಿ ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡ.

ಲೋರಿಮರ್ ಗುಟ್ಟನ್ನು ಕಾಪಾಡಿದರು. ತಮ್ಮ ಹೆಂಡತಿಗೆ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ. ಆಕೆಯೂ ಮೀನಿನ ಅಂಗಡಿಯ ಬೆಲ್ಲಾ ಸ್ಪಿಂಕ್‌ಗೆ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ. ಬೆಲ್ಲಾ ಸ್ಪಿಂಕ್‌ಗೆ ಹೇಳಿದ ಮೇಲೆ ಬೇರೆ ಯಾರಿಗಾದರೂ ಹೇಳುವ ಅಗತ್ಯ ಸ್ಕೆರಿಹೇವನ್ನಿನಲ್ಲಿ ಯಾರಿಗೂ ಬಂದಿಲ್ಲ. ಎಫಿಗೆ ತಿಳಿಯಬಾರದು ಎಂಬ ಒಂದು ಕಟ್ಟುಪಾಡನ್ನು ಮಾತ್ರ ಇಡೀ ಊರು ಪ್ರಾಣ ಹೋದರೂ ಮೀರುವುದಿಲ್ಲ ಎಂಬಂತೆ ಪಾಲಿಸಿತು.

ಎಫಿಯ ಮನೆಗೆ ಸೂಪು ಬರತೊಡಗಿತು. ಮೊದಲು ಬೆಲ್ಲಾ ಒಂದು ಪಾತ್ರೆ ತಂದಳು. ಆಮೇಲೆ ಎದುರು ಮನೆಯವರು, ಚರ್ಚಿನ ಹೆಂಗಸರು, ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಹಿಂದಿನ ಬೀದಿಯವಳು ಕೂಡ.

"ಏನೇ ಬೆಲ್ಲಾ, ನನಗೇನು ಒಲೆ ಹಚ್ಚೋಕೆ ಬರಲ್ವಾ?" ಎಂದು ಎಫಿ ಕೇಳಿದರೆ ಬೆಲ್ಲಾ ಅವಳನ್ನು ತಬ್ಬಿಕೊಂಡು, "ನೀನು ಗಟ್ಟಿಗಿತ್ತಿ ಕಣೇ ತಾಯಿ, ನೀನು ತಡ್ಕೋತೀಯ," ಎಂದು ಮೂಗು ಒರೆಸಿಕೊಂಡಳು.

"ಇವಳಿಗೆ ತಲೆ ಕೆಟ್ಟಿದೆ," ಎಂದು ಎಫಿ ಗಂಡನಿಗೆ ಹೇಳಿದಳು. ಇಬ್ಬರೂ ಕೂತು ಸೂಪು ಕುಡಿದರು. ಬಿಸಾಡುವುದಕ್ಕೆ ಮನಸ್ಸು ಬರುವ ಊರಲ್ಲ ಅದು.

ಅದೇ ಹೊತ್ತಿಗೆ ಬಂದರು ಕಪ್‌ನ ಪಂದ್ಯಗಳು ಶುರುವಾದವು. ಇಬ್ಬಿಬ್ಬರೇ ಎದುರುಬದುರಾಗಿ ಆಡುವ ಆಟ; ಹದಿನೆಂಟರಲ್ಲಿ ಹೆಚ್ಚು ಕುಳಿ ಗೆದ್ದವನು ಮುಂದಿನ ಸುತ್ತಿಗೆ. ಇದರಲ್ಲಿ ಒಂದು ಹಳೆಯ ಸಂಪ್ರದಾಯವಿದೆ. ಚೆಂಡು ಕುಳಿಯ ಬಾಯಿಗೆ ಬಂದು ನಿಂತಿದ್ದರೆ, ಇನ್ನೊಂದು ತಟ್ಟು ತಟ್ಟಿದರೆ ಬೀಳುವುದು ಖಂಡಿತ ಎನಿಸಿದರೆ, ಎದುರಾಳಿಯು "ಎತ್ಕೋ" ಎನ್ನುತ್ತಾನೆ. ಎಂದರೆ ಬಿತ್ತು ಅಂತಲೇ ಲೆಕ್ಕ. ಕೊಡುವುದು ದೊಡ್ಡತನ, ಕೇಳುವುದು ನಾಚಿಕೆಗೇಡು.

ಮೊದಲ ಸುತ್ತಿನಲ್ಲಿ ವಾಟಿಗೆ ಎದುರಾದವನು ಮಾಂಸದಂಗಡಿಯ ಟಾಷ್. ತಕ್ಕಡಿಗೆ ಮೂಳೆಯನ್ನೂ ಹಾಕಿ ತೂಗುವ ಕೈ ಅದು. ಆಟದಲ್ಲಿ ಒಂದು ಗೇಣನ್ನೂ ಯಾರಿಗೂ ಬಿಟ್ಟುಕೊಟ್ಟದ್ದಿಲ್ಲ. ವಾಟಿಯ ಚೆಂಡು ಕುಳಿಯಿಂದ ಒಂದು ಗಜ ಆಚೆ ನಿಂತಾಗ ಟಾಷ್ ಅತ್ತ ನೋಡಿ, ಇತ್ತ ನೋಡಿ, "ಎತ್ಕೋ ವಾಟಿ," ಎಂದ.

"ಏನಂದೆ?"

"ಎತ್ಕೋ ಅಂದೆ. ಎಲ್ಲಾ ಇಲ್ಲೇ ಬಿಟ್ಟು ಹೋಗೋದು ತಾನೆ."

ಮುಂದಿನ ಕುಳಿಗೆ ಎರಡು ಗಜ ಕೊಟ್ಟ. ಅದರ ಮುಂದಿನದಕ್ಕೆ ಹೆಜ್ಜೆ ಹಾಕಿಯೂ ನೋಡಲಿಲ್ಲ. ಟಾಷ್ ಸೋತು, ಅಂಗಡಿಗೆ ಹೋಗಿ ವಾಟಿಯ ಮನೆಗೆ ಒಂದು ಕುರಿಯ ತೊಡೆ ಕಳಿಸಿದ.

ಎರಡನೆಯ ಸುತ್ತು ಪಾದ್ರಿ ಮೆಲ್ಡ್ರಮ್ ಅವರ ಜೊತೆ. ವಾಟಿಯ ಚೆಂಡು ಆಳುದ್ದದ ಮರಳುಗುಂಡಿಗೆ ಬಿತ್ತು. ಅವನು ಒಳಗಿಳಿದು ಕೋಲು ಎತ್ತುವಷ್ಟರಲ್ಲಿ ಮೇಲಿಂದ ಪಾದ್ರಿಗಳ ಮೃದುವಾದ ದನಿ ಕೇಳಿಸಿತು. "ಎತ್ತಿಕೊಳ್ಳಿ ಪೆಟ್ರಿ, ಎತ್ತಿಕೊಳ್ಳಿ. ಅಷ್ಟು ಕೆಳಗೆ ನಿಮ್ಮನ್ನ ನೋಡೋದಕ್ಕೆ ನನ್ನ ಕೈಲಾಗ್ತಿಲ್ಲ."

"ಕುಳಿ ಎಲ್ಲಿದೆ ಅಂತಾನೇ ಇಲ್ಲಿಂದ ಕಾಣ್ತಿಲ್ವಲ್ಲ ಸ್ವಾಮಿಗಳೇ!"

"ನಂಬಿಕೆ ಇರಲಿ," ಎಂದರು ಪಾದ್ರಿಗಳು.

ಬೇರೆ ಯಾರಾದರೂ ಆಗಿದ್ದರೆ ಇಲ್ಲೇನೋ ಎಡವಟ್ಟಾಗಿದೆ ಎಂದು ಅನುಮಾನ ಪಡುತ್ತಿದ್ದರು. ವಾಟಿ ಅನುಮಾನ ಪಡಲಿಲ್ಲ. ಕೈ ಕುದುರಿದೆ, ಅದನ್ನು ನೋಡಿಯೇ ಎದುರಾಳಿಗಳು ಧೈರ್ಯ ಕಳೆದುಕೊಳ್ಳುತ್ತಿದ್ದಾರೆ ಎಂದುಕೊಂಡ. ಹೊಸ ಟೋಪಿ ಕೊಂಡ. ಸಂಜೆ ಹೊತ್ತು ಕ್ಲಬ್ಬಿನಲ್ಲಿ ಕೂತು, ಗಾಳಿಗೆ ಎದುರಾಗಿ ಹೇಗೆ ನಿಲ್ಲಬೇಕು, ಮನಸ್ಸನ್ನು ಹೇಗೆ ಹಿಡಿತದಲ್ಲಿಡಬೇಕು ಎಂದು ಉಪದೇಶ ಕೊಡಲು ಶುರುಮಾಡಿದ. ಜನ ಸುತ್ತ ಕೂತು ತಲೆ ತಗ್ಗಿಸಿ ಕೇಳಿದರು. ಒಬ್ಬಿಬ್ಬರು ಕಣ್ಣೊರೆಸಿಕೊಂಡಾಗ ತನ್ನ ಮಾತು ಇಷ್ಟು ಆಳಕ್ಕೆ ಇಳಿಯುತ್ತದೆಂದು ವಾಟಿಗೇ ಆಶ್ಚರ್ಯವಾಯಿತು. ಹೀಗೆ ಆಡಿಯೂ ಆಡದೆಯೂ ಅವನು ಅಂತಿಮ ಪಂದ್ಯಕ್ಕೆ ಬಂದು ನಿಂತ. ಎದುರಾಳಿ ಎಕ್ ಬುಕನ್.

ಎಕ್ ಒಂದು ಕಾಲಕ್ಕೆ ಮೀನುದೋಣಿಯ ಯಜಮಾನ. ಮಾತು ಕಡಿಮೆ. ವಾರಕ್ಕೆರಡು ಸಲ ವಾಟಿಯ ಜೊತೆ ಆಡುತ್ತ ಬಂದಿದ್ದಾನೆ. ಇಷ್ಟು ವರ್ಷದಲ್ಲಿ ಒಂದೇ ಒಂದು ಸಲವೂ "ಎತ್ಕೋ" ಎಂದವನಲ್ಲ. ಚೆಂಡು ಕುಳಿಯ ಅಂಚಿನಲ್ಲಿ ತೂಗಾಡುತ್ತಿದ್ದರೂ ಅವನು ಸಮುದ್ರ ನೋಡುತ್ತ, "ಆಡು," ಎನ್ನುತ್ತಾನೆ. ಯಾಕೆ ಎಂದು ಕೇಳಿದರೆ, "ಡುಬುಕ್ ಅನ್ನೋವರೆಗೂ ಒಳಗೆ ಬಿದ್ದ ಹಾಗಲ್ಲ," ಎನ್ನುತ್ತಾನೆ. ವಾಟಿಯ ಮದುವೆಯ ಮಾರನೆಯ ದಿನವೂ ಹಾಗೇ ಎಂದಿದ್ದ.

ಆ ಎಕ್ ಒಂದು ಸಂಜೆ ವಾಟಿಯ ಹಿತ್ತಿಲಿಗೆ ಬಂದು, ಮಾತಿಲ್ಲದೆ ಮುರಿದ ಬೇಲಿ ರಿಪೇರಿ ಮಾಡಿದ. ಕೆಲಸ ಮುಗಿಸಿ ಸುತ್ತಿಗೆ ಕೈಯಲ್ಲಿ ಹಿಡಿದು ನಿಂತ.

"ಹೇಗಿದೀಯ?" ಎಂದ.

ವಾಟಿ ಬೆಚ್ಚಿಬಿದ್ದ. ಈ ಪ್ರಶ್ನೆ ಎಕ್‌ನ ಬಾಯಿಂದ ಯಾವತ್ತೂ ಬಂದಿರಲಿಲ್ಲ. "ಚೆನ್ನಾಗಿದೀನಿ ಭಾವ. ಯಾಕೆ, ನಿನಗೇನಾದ್ರೂ ಆಗಿದೆಯಾ?"

"ನನಗೇನಾಗುತ್ತೆ?" ಎಂದು ಎಕ್ ಬೇಲಿಯನ್ನು ಇನ್ನೊಂದು ಸಲ ಅಲುಗಾಡಿಸಿ ನೋಡಿದ. "ಶನಿವಾರ ಗಾಳಿ ಇರುತ್ತೆ. ಬೆಚ್ಚಗೆ ಹಾಕ್ಕೊಂಡು ಬಾ."

ಪಂದ್ಯಕ್ಕೆ ಮುಂಚೆಯೇ ಭಾವನಿಗೆ ಭಯ ಹುಟ್ಟಿದೆ ಎಂದುಕೊಂಡು ವಾಟಿ ಆ ರಾತ್ರಿ ಸೊಗಸಾಗಿ ನಿದ್ದೆ ಮಾಡಿದ.

ಶನಿವಾರ ಊರಿಗೆ ಊರೇ ಲಿಂಕ್ಸಿನ ಮೇಲಿತ್ತು. ಗಾಳಿ ಸಮುದ್ರದಿಂದ ನೇರವಾಗಿ ಬಂದು ಹೆಂಗಸರ ತಲೆವಸ್ತ್ರ ಎಳೆಯುತ್ತಿತ್ತು. ವಾಟಿ ಹಾದುಹೋದ ಕಡೆ ಗಂಡಸರು ಟೋಪಿ ತೆಗೆದು ನಿಂತರು. ವಾಟಿ ಎಡಕ್ಕೂ ಬಲಕ್ಕೂ ಗಂಭೀರವಾಗಿ ತಲೆಯಾಡಿಸಿದ. ಎಫಿ ಮಾತ್ರ ಕೊಡೆ ಊರಿಕೊಂಡು, "ಇವರಿಗೆಲ್ಲಾ ಏನು ಬಂದಿದೆ?" ಎಂದು ಗೊಣಗುತ್ತ ಹಿಂದೆ ನಡೆದಳು.

ಮೊದಲ ಕುಳಿಯಲ್ಲಿ ವಾಟಿಯ ಚೆಂಡು ಒಂದು ಗೇಣು ದೂರ ನಿಂತಿತು. ಅವನು ರೂಢಿಯಾದಂತೆ ಎತ್ತಿಕೊಳ್ಳಲು ಬಗ್ಗಿದ.

"ಆಡು," ಎಂದ ಎಕ್.

ಜನರ ನಡುವೆ ಗುಸುಗುಸು ಎದ್ದಿತು. ಎರಡನೆಯ ಕುಳಿಯಲ್ಲೂ ಆಡು, ಮೂರನೆಯದರಲ್ಲೂ ಆಡು. "ಇವನದು ಎದೆಯೋ ಕಲ್ಲೋ?" ಎಂದು ಟಾಷ್ ಎಲ್ಲರಿಗೂ ಕೇಳಿಸುವ ಹಾಗೆ ಅಂದ. ಪಾದ್ರಿಗಳು ಕಣ್ಣುಮುಚ್ಚಿ ಎಕ್‌ಗೋಸ್ಕರ ಪ್ರಾರ್ಥಿಸಿದರು. ಎಕ್ ಯಾರ ಮುಖವನ್ನೂ ನೋಡಲಿಲ್ಲ. ಅವನ ಆಟವೂ ಅಂದು ನೆಟ್ಟಗಿರಲಿಲ್ಲ; ಕಣ್ಣು ಕೆಂಪಾಗಿ, ಬಾರಿ ಬಾರಿಗೂ ಚೆಂಡನ್ನು ಮುಳ್ಳುಪೊದೆಗೆ ಹೊಡೆಯುತ್ತಿದ್ದ. ವಾಟಿಯೋ, ವಾರಗಟ್ಟಲೆ ಯಾರೂ ಆಡಗೊಡದೆ ಕೈ ತುಕ್ಕು ಹಿಡಿದಿದ್ದರೂ, ಒಂದೊಂದು ತಟ್ಟಿಗೂ ಬೆವರಿ, ಹೇಗೋ ಸರಿಸಮವಾಗಿ ಸಾಗಿದ. ಕಡೆಯ ಕುಳಿಗೆ ಬಂದಾಗ ಇಬ್ಬರೂ ಸಮ. ವಾಟಿಯ ಚೆಂಡು ಕುಳಿಯಿಂದ ಎರಡಡಿ ದೂರದಲ್ಲಿ ನಿಂತಿತು. ಅದು ಬಿದ್ದರೆ ಕಪ್, ಕರಿಯ ಹಲಗೆ, ಚಿನ್ನದ ಅಕ್ಷರ.

ವಾಟಿ ಎಕ್‌ನ ಕಡೆ ನೋಡಿದ. ಊರೆಲ್ಲ ಎಕ್‌ನ ಕಡೆ ನೋಡಿತು.

"ಆಡು," ಎಂದ ಎಕ್. ದನಿ ಒಡೆದಿತ್ತು.

ಅಲ್ಲಿಗೆ ಬೆಲ್ಲಾ ಸ್ಪಿಂಕ್‌ಳ ತಾಳ್ಮೆ ಕಿತ್ತುಹೋಯಿತು. ಮೀನು ಕೂಗಿ ಮಾರಿದ ಗಂಟಲು ಅವಳದು. "ಥೂ ನಿನ್ನ ಜನ್ಮಕ್ಕೆ, ಎಕ್ ಬುಕನ್! ಸಾಯೋ ಮನುಷ್ಯನಿಗೆ ಎರಡಡಿ ಬಿಟ್ಟುಕೊಡೋಕೆ ನಿನಗೇನು ಬಂದಿದೆ ರೋಗ?"

ವಾಟಿ ಕೋಲು ಹಿಡಿದು ಬಗ್ಗಿದ್ದವನು ಮೆಲ್ಲನೆ ನೆಟ್ಟಗಾದ.

"ಯಾರು ಸಾಯೋದು?" ಎಂದ.

ಮುಂದೆ ನುಗ್ಗಿದವಳು ಎಫಿ. ಕೊಡೆ ಎತ್ತಿ ಜನರನ್ನು ಸರಿಸುತ್ತ ಹುಲ್ಲಿನ ಮೇಲೆ ಬಂದೇಬಿಟ್ಟಳು. "ಏನಂದಳು ಇವಳು? ನನಗೊಂದು ಮಾತು ಹೇಳದೆ ಸಾಯೋಕೆ ಹೊರಟಿದೀಯಾ ನೀನು?"

"ನಾನೆಲ್ಲೇ ಹೊರಟೆ?"

"ಪೆಟ್ರಿಯವರೇ," ಎಂದರು ಲೋರಿಮರ್, ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. "ನೀವೇ ಹೇಳಿದ್ರಲ್ಲ... ಅಕ್ಟೋಬರ್‌ನಲ್ಲಿ ಮೇಲಕ್ಕೆ ಅಂತ. ಅಕ್ಕನ ಹತ್ತಿರ."

"ಹೌದು ಮತ್ತೆ! ಥರ್ಸೋಗೆ! ನ್ಯಾನ್ ಮನೆಗೆ! ಹದಿನೈದು ದಿನ ಇದ್ದು ಬರೋಣ ಅಂತ!"

"ಸವೆದುಹೋಗಿದೆ, ಡಾಕ್ಟರ ಕೈಲಿಲ್ಲ ಅಂದದ್ದು?"

"ಮಂಡಿ ಸ್ವಾಮಿ, ಮಂಡಿ!"

ಮೊದಲು ಚೇತರಿಸಿಕೊಂಡವನು ಟಾಷ್. "ಹಾಗಾದ್ರೆ ನನ್ನ ಕುರಿತೊಡೆ?" ಎಂದ. ಪಾದ್ರಿ ಮೆಲ್ಡ್ರಮ್ ಆಕಾಶದ ಕಡೆ ನೋಡಿ, "ಮರಳುಗುಂಡಿಯಿಂದ ಕೊಟ್ಟೆನಲ್ಲಪ್ಪ ತಂದೆ," ಎಂದರು. ಹಿಂದಿನ ಬೀದಿಯವಳು ತನ್ನ ಸೂಪಿನ ಪಾತ್ರೆ ವಾಪಸು ಬೇಕು, ಮಾತು ಮತ್ತೆ ಬಿಟ್ಟಿದ್ದೇನೆ ಎಂದು ಅಲ್ಲೇ ಸಾರಿದಳು. ಲೋರಿಮರ್ ಗಂಟಲು ಸರಿಮಾಡಿಕೊಂಡು, ಕೊಟ್ಟದ್ದು ಕೊಟ್ಟದ್ದೇ, ನಿಯಮದ ಪ್ರಕಾರ ವಾಪಸು ಪಡೆಯುವ ಹಾಗಿಲ್ಲ, ಪಂದ್ಯ ಮುಂದುವರಿಯಲಿ ಎಂದು ಘೋಷಿಸಿದರು.

ವಾಟಿಗೆ ಅದೊಂದೂ ಕೇಳಿಸುತ್ತಿರಲಿಲ್ಲ. ಕುದುರಿದ ಕೈ, ಹೊಸ ಟೋಪಿ, ಕ್ಲಬ್ಬಿನಲ್ಲಿ ಕೂತು ಕೊಟ್ಟ ಉಪದೇಶ, ಎಲ್ಲ ಒಂದೊಂದಾಗಿ ನೆನಪಿಗೆ ಬಂತು. ನಾಚಿಕೆಯಿಂದ ಅವನಿಗೆ ಕಣ್ಣು ಕತ್ತಲಿಟ್ಟಿತು. ಊರವರು ಕೊಟ್ಟದ್ದೆಲ್ಲ ಹೆಣಕ್ಕೆ ಕೊಟ್ಟದ್ದು. ಇಡೀ ಊರಲ್ಲಿ ಒಬ್ಬನೇ ಒಬ್ಬ ಅವನಿಗೆ ಏನೂ ಕೊಟ್ಟಿರಲಿಲ್ಲ.

"ಭಾವ," ಎಂದ. "ಇದು ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು," ಎಂದ ಎಕ್. "ಬೆಲ್ಲಾ ಹೇಳಿದ ದಿನದಿಂದ ಕಣ್ಣು ಮುಚ್ಚಿಲ್ಲ."

"ಮತ್ತೆ ಯಾಕೆ ಒಂದನ್ನೂ ಕೊಡಲಿಲ್ಲ?"

ಎಕ್ ಸಮುದ್ರದ ಕಡೆ ನೋಡಿದ. ಟೋಪಿ ತೆಗೆದ, ಮತ್ತೆ ಹಾಕಿಕೊಂಡ. "ನಲವತ್ತು ವರ್ಷದಿಂದ ಕೊಟ್ಟಿಲ್ಲ ಕಣೋ. ಇವತ್ತು ಕೊಟ್ಟಿದ್ರೆ ನೀನು ಸಾಯ್ತಿದೀಯ ಅಂತ ನಿನಗೆ ಗೊತ್ತಾಗಿಬಿಡ್ತಿತ್ತು." ತೋಳಿನಿಂದ ಮುಖ ಒರೆಸಿಕೊಂಡ. "ದರಿದ್ರ ಗಾಳಿ. ಮರಳು ಕಣ್ಣಿಗೇ ಹೊಡೀತದೆ."

ಎಫಿ ಕೊಡೆ ಕೆಳಗಿಳಿಸಿದಳು. ಬೆಲ್ಲಾ ಸ್ಪಿಂಕ್‌ಗೂ ಮಾತು ನಿಂತುಹೋಯಿತು. ಇದನ್ನು ಆ ಊರಿನವರು ಇವತ್ತಿಗೂ ನೆನೆಸಿಕೊಳ್ಳುತ್ತಾರೆ.

"ಹಾಗಾದ್ರೆ ಈಗ?" ಎಂದ ವಾಟಿ. "ಈಗ ನಾನು ಸಾಯ್ತಿಲ್ವಲ್ಲ. ಈಗ ಕೊಡಬಹುದಲ್ಲ?"

ಎಕ್ ಒಂದು ಕ್ಷಣ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ತಿಂಗಳಿಂದ ಬಿಗಿದುಕೊಂಡಿದ್ದ ಮುಖ ಸಡಿಲವಾಯಿತು.

"ಆಡು," ಎಂದ.

ವಾಟಿ ಆಡಿದ. ಚೆಂಡು ಎರಡಡಿ ಉರುಳಿ, ಕುಳಿಯ ಅಂಚನ್ನು ಅರ್ಧ ಸುತ್ತು ಸುತ್ತಿ, ಗಾಳಿಗೆ ತೊನೆದು ಆಚೆಗೆ ಹೋಗಿ ನಿಂತಿತು. ಪಂದ್ಯ ಸಮ ಎಂದಾಯಿತು. ಗೆಲುವು ತೀರ್ಮಾನಿಸಲು ಇನ್ನೊಂದು ಕುಳಿ ಆಡಿಸಿದರು, ಅದನ್ನು ಎಕ್ ಗೆದ್ದ. ಕರಿಯ ಹಲಗೆಯ ಮೇಲೆ ಆ ವರ್ಷವೂ ಚಿನ್ನದಲ್ಲಿ ಬರೆದದ್ದು ಎಕ್ ಬುಕನ್ ಎಂದೇ.

ಬೆಂಚು ಅಷ್ಟು ಹೊತ್ತಿಗೆ ತಯಾರಾಗಿಬಿಟ್ಟಿತ್ತು. ಅದನ್ನು ಏನು ಮಾಡುವುದೆಂದು ಕ್ಲಬ್ಬಿನ ಸಮಿತಿ ಸೇರಿತು. ಬದುಕಿರುವವನಿಗೆ ಬೆಂಚು ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಎಂದು ಟಾಷ್ ಬಲವಾಗಿ ವಾದಿಸಿದ. ಒಳ್ಳೆಯ ಓಕ್ ಮರವನ್ನು ಒಲೆಗೆ ಹಾಕುವುದೂ ಪಾಪ ಎಂದರು ಪಾದ್ರಿಗಳು. ಕೊನೆಗೆ ದಾರಿ ಕಂಡವರು ಲೋರಿಮರ್. ಯಾವುದು ಹೋಗಿದೆಯೋ ಅದರ ಹೆಸರಿನಲ್ಲಿ ಬೆಂಚು ಇಡುವುದಕ್ಕೆ ನಿಯಮ ಅಡ್ಡ ಬರುವುದಿಲ್ಲ ಎಂದರು. ಒಂಬತ್ತನೇ ಕುಳಿಯ ಹತ್ತಿರ ಈಗ ನೀವು ಹೋದರೆ ಹಿತ್ತಾಳೆಯ ಫಲಕ ಓದಬಹುದು: "ವಾಟಿ ಪೆಟ್ರಿಯ ಎರಡು ಮಂಡಿಗಳ ನೆನಪಿಗೆ. ಈ ಜಾಗ ಅವುಗಳಿಗೆ ಬಲು ಪ್ರಿಯವಾಗಿತ್ತು."

ಥರ್ಸೋಗೆ ಹೊರಡುವ ಹಿಂದಿನ ದಿನ ವಾಟಿ ಮತ್ತು ಎಕ್ ಇಬ್ಬರೇ ಆಡಲು ಹೋದರು. ಒಂಬತ್ತನೇ ಕುಳಿಯ ಹತ್ತಿರ ಬೆಂಚಿನ ಮೇಲೆ ಕೂತು, ಎಫಿ ಕಟ್ಟಿಕೊಟ್ಟ ಬ್ರೈಡಿ ತಿಂದರು. ಆಮೇಲೆ ಎದ್ದು ಆಡಿದಾಗ ವಾಟಿಯ ಚೆಂಡು ಕುಳಿಯ ಅಂಚಿಗೆ ಬಂದು ನಿಂತಿತು. ಹೆಬ್ಬೆರಳಿನಷ್ಟೂ ದೂರವಿಲ್ಲ; ಜೋರಾಗಿ ಉಸಿರು ಬಿಟ್ಟರೆ ಬೀಳಬೇಕು. ವಾಟಿ ಭಾವನ ಮುಖ ನೋಡಿದ. ಭಾವ, ಇನ್ನು ಹದಿನೈದು ದಿನ ಕಾಣಸಿಗದ ಮುಖ ಎಂಬಂತೆ ಒಂದು ಸಲ ಅವನನ್ನು ನೋಡಿ, ಆಮೇಲೆ ಸಮುದ್ರದ ಕಡೆ ತಿರುಗಿದ.

"ಆಡು."

ವಾಟಿಗೆ ಹೋದ ಜೀವ ಬಂದ ಹಾಗಾಯಿತು. ಮಂಡಿ ಲಟಕ್ ಎನ್ನಿಸುತ್ತ ಬಗ್ಗಿ, ಚೆಂಡನ್ನು ಮೆಲ್ಲಗೆ ತಟ್ಟಿದ. ಡುಬುಕ್ ಎಂದಿತು.